ಕಂಪ್ಯೂಟರ್ ಗಡಿಯಾರವನ್ನು ಕೈಯಿಂದ ತಿದ್ದಿದರೆ ಸಾಲದು

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದ ಪ್ರಶ್ನೋತ್ತರದಲ್ಲಿ, ತಮ್ಮ ಕಂಪ್ಯೂಟರ್ ಚಾಲೂ ಮಾಡಿದಾಗಲೆಲ್ಲ ತಪ್ಪು ಸಮಯ ತೋರಿಸುತ್ತದೆ ಎಂದು ಕೇಳಿದ್ದ ಓದುಗರೊಬ್ಬರಿಗೆ, ಪರದೆಯ ಮೂಲೆಯಲ್ಲಿರುವ ಗಡಿಯಾರದ ಮೇಲೆ ಕ್ಲಿಕ್ಕಿಸಿ ಸರಿಯಾದ ಸಮಯ ತುಂಬಿರಿ ಎಂಬ ಉತ್ತರ ಸಿಕ್ಕಿದೆ. ಇದು ತಪ್ಪೇನಲ್ಲ, ಆದರೆ ಸೋರುವ ಸೂರಿನ ಕೆಳಗೆ ದಿನವೂ ಪಾತ್ರೆಯಿಡಿ ಎಂದಂತಾಯಿತು. ಗಡಿಯಾರವನ್ನು ತಿದ್ದುವ ಕೆಲಸ ಮನುಷ್ಯನ ನೆನಪಿಗೆ ಬಿಟ್ಟದ್ದಾಗಿರಬಾರದು, ಕಂಪ್ಯೂಟರ್ ಎದ್ದ ಕೂಡಲೇ ತಾನಾಗಿ ನಡೆಯಬೇಕು ಎಂಬುದನ್ನು ಅನುಭವದಿಂದ ಕಲಿತವನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನನ್ನ ಹಳೆಯ ಕಂಪ್ಯೂಟರ್ ಪ್ರತಿ ಬೆಳಿಗ್ಗೆ ಹಲವು ವರ್ಷ ಹಿಂದಿನ ಯಾವುದೋ ಜನವರಿ 1ರಿಂದ ದಿನ ಆರಂಭಿಸುತ್ತಿತ್ತು. ನಾನೂ ಅಭ್ಯಾಸಬಲದಿಂದ ತಿದ್ದಿಕೊಳ್ಳುತ್ತಿದ್ದೆ. ಇಂಟರ್‌ನೆಟ್ ಇಲ್ಲದ ಒಂದು ದಿನ ಮರೆತು, ಅರ್ಧ ಮುಗಿದಿದ್ದ ಬರಹವೊಂದನ್ನು ಮಧ್ಯಾಹ್ನದವರೆಗೂ ತಿದ್ದಿ ಉಳಿಸಿದೆ. ಸಂಜೆ ಬ್ಯಾಕಪ್ ತಂತ್ರಾಂಶವು ಎರಡು ಪ್ರತಿಗಳ ದಿನಾಂಕಗಳನ್ನು ಹೋಲಿಸಿ, ಪೆನ್‌ಡ್ರೈವ್‌ನಲ್ಲಿದ್ದ ಹಳೆಯ ಪ್ರತಿಯೇ ಹೊಸದೆಂದು ತೀರ್ಮಾನಿಸಿ, ಆ ದಿನದ ಕೆಲಸದ ಮೇಲೆ ಅದನ್ನೇ ಬರೆದುಬಿಟ್ಟಿತು. ತಂತ್ರಾಂಶದ್ದು ತಪ್ಪೆನ್ನಲಾರೆ, ಅದು ನಂಬಿದ್ದು ಗಡಿಯಾರವನ್ನು. ಇಂಟರ್‌ನೆಟ್ ಇದ್ದ ದಿನಗಳಲ್ಲಾದರೋ ಬ್ರೌಸರ್ ಯಾವ ತಾಣವನ್ನೂ ತೆರೆಯದೆ ಸಂಪರ್ಕ ಸುರಕ್ಷಿತವಲ್ಲವೆಂದು ಎಚ್ಚರಿಸುತ್ತಿತ್ತು, ಏಕೆಂದರೆ ತಾಣ ಅಸಲಿಯೆಂದು ಸಾರುವ ಪ್ರಮಾಣಪತ್ರಗಳಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುತ್ತದೆ, ಹಿಂದಿನ ವರ್ಷಗಳಲ್ಲಿ ನಿಂತ ಗಡಿಯಾರಕ್ಕೆ ಅವೆಲ್ಲವೂ ಇನ್ನೂ ಹುಟ್ಟದ ಪತ್ರಗಳು. ಬಹಳ ಮಂದಿ ಇದನ್ನು ಇಂಟರ್‌ನೆಟ್ಟಿನ ದೋಷವೆಂದೇ ತಿಳಿದು ರೌಟರನ್ನು ಆರಿಸಿ ಹಚ್ಚುತ್ತ ಕೂರುತ್ತಾರೆ.

ಮೂಲ ಕಾರಣ ಕಂಪ್ಯೂಟರಿನ ಒಳಗಿನ ಮುಖ್ಯ ಫಲಕವಾದ ಮದರ್‌ಬೋರ್ಡಿನ ಮೇಲಿರುವ ನಾಣ್ಯದಂಥ ಸೆಲ್. ಹೆಚ್ಚಿನ ಮೇಜಿನ ಕಂಪ್ಯೂಟರ್‌ಗಳಲ್ಲಿ ಇದು ಸಿಆರ್2032 ಎಂಬ, 20 ಮಿಲಿಮೀಟರ್ ವ್ಯಾಸದ 3 ವೋಲ್ಟ್ ಲಿಥಿಯಂ ಸೆಲ್. ವಿದ್ಯುತ್ ಇಲ್ಲದಾಗಲೂ ಗಡಿಯಾರವನ್ನು ಓಡಿಸುವುದು ಇದೇ. ಇದು ಬತ್ತಿದರೆ ದಿನಾಂಕ ತಯಾರಕರು ನಿಗದಿ ಮಾಡಿಟ್ಟ ದಿನಕ್ಕೆ ಜಾರುತ್ತದೆ. ಸೆಲ್ ಚೆನ್ನಾಗಿದ್ದರೂ ಗಡಿಯಾರ ಪೂರ್ತಿ ನಿಖರವಲ್ಲ. ಒಳಗಿನ ಸ್ಫಟಿಕ ಸೆಕೆಂಡಿಗೆ 32,768 ಬಾರಿ ಕಂಪಿಸಬೇಕು (ಈ ಸಂಖ್ಯೆಯನ್ನು ಹದಿನೈದು ಸಲ ಅರ್ಧಿಸುತ್ತ ಹೋದರೆ ಒಂದಕ್ಕೆ ಬಂದು ನಿಲ್ಲುತ್ತದೆ, ಅದಕ್ಕೇ ಈ ಆಯ್ಕೆ). ಕಂಪನದಲ್ಲಿ ಹತ್ತು ಲಕ್ಷಕ್ಕೆ 20ರಷ್ಟು ವ್ಯತ್ಯಾಸವಾದರೂ ದಿನಕ್ಕೆ 1.7 ಸೆಕೆಂಡು, ವರ್ಷಕ್ಕೆ ಹತ್ತು ನಿಮಿಷ ತಪ್ಪಿಹೋಗುತ್ತದೆ. ಶಾಖ ಏರಿಳಿದರೆ ಕಂಪನವೂ ಬದಲಾಗುತ್ತದೆ.

ಇದಕ್ಕೆ ಮದ್ದು ಹಳೆಯದೇ. ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಮಿಲ್ಸ್ ಅವರು 1985ರಲ್ಲಿ ವಿಧಿವತ್ತಾಗಿ ದಾಖಲಿಸಿದ ಎನ್‌ಟಿಪಿ (ನೆಟ್‌ವರ್ಕ್ ಟೈಮ್ ಪ್ರೋಟೋಕಾಲ್) ಎಂಬ ಕ್ರಮದಲ್ಲಿ, ಕಂಪ್ಯೂಟರ್ ಒಂದು ಸಮಯದ ಸರ್ವರನ್ನು ಕೇಳುತ್ತದೆ. ಪ್ರಶ್ನೆ ಹೊರಟ, ತಲುಪಿದ, ಉತ್ತರ ಹೊರಟ, ಮರಳಿ ಬಂದ ಈ ನಾಲ್ಕು ಗಳಿಗೆಗಳನ್ನು ಲೆಕ್ಕಹಾಕಿ, ದಾರಿಯಲ್ಲಿ ಕಳೆದ ಹೊತ್ತನ್ನೂ ಕಳೆದು, ತನ್ನ ಗಡಿಯಾರ ಎಷ್ಟು ಹಿಂದಿದೆ ಅಥವಾ ಮುಂದಿದೆ ಎಂದು ತಿಳಿದುಕೊಳ್ಳುತ್ತದೆ.

ಇನ್ನು, ಈ ತಿದ್ದುಪಡಿ ಆರಂಭದಲ್ಲಿಯೇ ಏಕೆ ಆಗಬೇಕು ಎಂಬುದಕ್ಕೆ ಗಟ್ಟಿಯಾದ ಕಾರಣವಿದೆ. ಕೆಲಸಗಳು ನಡೆಯುತ್ತಿರುವಾಗ ಸಮಯವನ್ನು ಥಟ್ಟನೆ ಹಿಂದಕ್ಕೆ ಎಳೆದರೆ, ಈಗಾಗಲೇ ಬರೆದಿಟ್ಟ ದಾಖಲೆ ಭವಿಷ್ಯದ್ದಾಗಿಬಿಡುತ್ತದೆ. ಆದ್ದರಿಂದಲೇ ಎಚ್ಚರವುಳ್ಳ ತಂತ್ರಾಂಶಗಳು ಗಡಿಯಾರವನ್ನು ನೆಗೆಸದೆ, ಅದರ ವೇಗವನ್ನಷ್ಟೇ ಕೊಂಚ ಕೂಡಿಸಿ ಕಳೆದು ಮೆಲ್ಲಗೆ ದಾರಿಗೆ ತರುತ್ತವೆ. ಎನ್‌ಟಿಪಿಯ ಮೂಲ ತಂತ್ರಾಂಶದಲ್ಲಿ ಈ ಹೊಂದಾಣಿಕೆಯ ಗರಿಷ್ಠ ವೇಗ ಹತ್ತು ಲಕ್ಷಕ್ಕೆ 500. ಅಂದರೆ ಒಂದು ಸೆಕೆಂಡು ಸರಿಯಾಗಲು 2,000 ಸೆಕೆಂಡು ಬೇಕು, ಒಂದು ನಿಮಿಷದ ತಪ್ಪಿಗೆ 33 ಗಂಟೆಗೂ ಹೆಚ್ಚು. ಒಂದೇ ನೆಗೆತದಲ್ಲಿ ತಿದ್ದಿದರೂ ಯಾರಿಗೂ ತೊಂದರೆಯಾಗದ ಹೊತ್ತೆಂದರೆ ಕಂಪ್ಯೂಟರ್ ಆಗಷ್ಟೇ ಎದ್ದು, ಯಾವ ಕೆಲಸವೂ ಶುರುವಾಗಿರದ ಹೊತ್ತು.

ವಿಂಡೋಸ್ ಬಳಸುವವರು, ದಿನಾಂಕ ಮತ್ತು ಸಮಯದ ಸೆಟ್ಟಿಂಗ್ಸ್‌ನಲ್ಲಿ ಸಮಯವನ್ನು ತಾನಾಗಿ ಹೊಂದಿಸುವ ಆಯ್ಕೆ ಚಾಲೂ ಇದೆಯಲ್ಲ ಎನ್ನಬಹುದು. ಚಾಲೂ ಇದ್ದರೂ, ಮನೆಯ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಟೈಮ್ ಎಂಬ ಸೇವೆ ಸಾಮಾನ್ಯವಾಗಿ ‘ಮ್ಯಾನುಯಲ್’ ಸ್ಥಿತಿಯಲ್ಲಿದ್ದು, ಕೆಲವು ಸಂದರ್ಭಗಳಲ್ಲಿ ಮಾತ್ರ ಏಳುತ್ತದೆ. ಸರ್ವಿಸಸ್ ಪಟ್ಟಿಯಲ್ಲಿ ಅದನ್ನು ‘ಆಟೋಮ್ಯಾಟಿಕ್’ ಮಾಡಬೇಕು. ಬಳಿಕ ಟಾಸ್ಕ್ ಶೆಡ್ಯೂಲರ್‌ನಲ್ಲಿ, ಕಂಪ್ಯೂಟರ್ ಆರಂಭವಾದಾಗ ಡಬ್ಲ್ಯೂ32ಟಿಎಂ (w32tm) ಎಂಬ ಆದೇಶವನ್ನು ರೀಸಿಂಕ್ (/resync), ಅಂದರೆ ಮತ್ತೆ ಹೊಂದಿಸು ಎಂಬ ಸೂಚನೆಯೊಡನೆ, ಅಡ್ಮಿನಿಸ್ಟ್ರೇಟರ್ ಅಧಿಕಾರದಲ್ಲಿ ನಡೆಸುವಂತೆ ಒಂದು ಕೆಲಸ ಸೇರಿಸಬೇಕು. ನಾನು ಮೊದಲ ಸಲ ಸೇರಿಸಿದಾಗ ಅದು ಪ್ರತಿದಿನ ಸೋಲುತ್ತಿತ್ತು. ವೈಫೈ ಸಂಪರ್ಕ ಕೂಡುವ ಮುನ್ನವೇ ಆದೇಶ ಓಡಿ, ಸಮಯದ ಮಾಹಿತಿ ಸಿಗಲಿಲ್ಲವೆಂದು ಕೈಚೆಲ್ಲುತ್ತಿತ್ತು. ಅದೇ ಶೆಡ್ಯೂಲರ್‌ನಲ್ಲಿ ಒಂದು ನಿಮಿಷ ತಡೆದು ಓಡಿಸುವ ಆಯ್ಕೆಯಿದೆ, ನೆಟ್‌ವರ್ಕ್ ಇದ್ದರೆ ಮಾತ್ರ ಓಡಿಸುವ ಷರತ್ತೂ ಇದೆ. ಎರಡನ್ನೂ ಹಾಕಿದ ಮೇಲೆ ಆ ತಕರಾರು ನಿಂತಿತು.

ಆದರೂ ಗಡಿಯಾರ ಸರಿಹೋಗಲಿಲ್ಲ! ಬೇಕಾದ ಬದಲಾವಣೆ ತೀರಾ ದೊಡ್ಡದು ಎಂಬ ಸಂದೇಶ ಬಂತು. ಕಚೇರಿಯ ಜಾಲಕ್ಕೆ ಸೇರದೆ ಒಂಟಿಯಾಗಿ ಕೆಲಸ ಮಾಡುವ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಟೈಮ್ ಸೇವೆ 54,000 ಸೆಕೆಂಡು, ಅಂದರೆ 15 ಗಂಟೆಗಿಂತ ಹೆಚ್ಚಿನ ತಪ್ಪನ್ನು ತಾನಾಗಿ ತಿದ್ದುವುದಿಲ್ಲ. ಅಷ್ಟು ದೊಡ್ಡ ಅಂತರ ಕಂಡರೆ ತನ್ನ ಗಡಿಯಾರಕ್ಕಿಂತ ಸರ್ವರನ್ನೇ ಅನುಮಾನಿಸುವಂತೆ ಅದನ್ನು ರೂಪಿಸಲಾಗಿದೆ. ವಿವೇಕದ ನಿಯಮವೇ ಸರಿ, ಆದರೆ ಸೆಲ್ ಸತ್ತ ಕಂಪ್ಯೂಟರಿಗೆ ಇದೇ ಮುಳುವು. ಸೆಲ್ ಬದಲಿಸಿ, ಒಂದೇ ಒಂದು ಬಾರಿ ದಿನಾಂಕವನ್ನು ಕೈಯಿಂದ ತುಂಬಿದ ಮೇಲೆ, ಉಳಿದದ್ದನ್ನೆಲ್ಲ ಆ ಆದೇಶ ನೋಡಿಕೊಳ್ಳುತ್ತಿದೆ.

ಲಿನಕ್ಸ್‌ನವರ ಪಾಡು ಮೇಲು. ಅಲ್ಲಿ ಬಳಕೆಯಲ್ಲಿರುವ ಕ್ರೋನಿ ತಂತ್ರಾಂಶದಲ್ಲಿ, ಶುರುವಿನ ಮೂರು ತಿದ್ದುಪಡಿಗಳಲ್ಲಿ ತಪ್ಪು ಒಂದು ಸೆಕೆಂಡು ಮೀರಿದ್ದರೆ ನೆಗೆಸು, ಆಮೇಲೆ ನಿಧಾನವಾಗಿ ಹೊಂದಿಸು ಎಂದು ಒಂದೇ ಸಾಲಿನಲ್ಲಿ ಬರೆದಿಡಬಹುದು. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಹಳೆಯ ಮಾದರಿಗಳಲ್ಲಂತೂ ಸೆಲ್ ಇರಲಿ, ಗಡಿಯಾರದ ಚಿಪ್ಪೇ ಇಲ್ಲ. ಆರಿಸುವಾಗಿನ ಸಮಯವನ್ನು ಕಡತವೊಂದರಲ್ಲಿ ಬರೆದಿಟ್ಟುಕೊಂಡು, ಎದ್ದಾಗ ಅಲ್ಲಿಂದ ಮುಂದುವರಿದು, ನೆಟ್‌ವರ್ಕ್ ಸಿಕ್ಕೊಡನೆ ಸರಿಪಡಿಸಿಕೊಳ್ಳುವ ಏರ್ಪಾಡು ಅಲ್ಲಿದೆ.

ಪ್ರಶ್ನೆ ಕೇಳಿದ ಓದುಗರು ದಿನಾಂಕವೂ ತಪ್ಪುತ್ತದೆಯೋ ಸಮಯವಷ್ಟೇ ತಪ್ಪುತ್ತದೆಯೋ ಎಂದು ಹೇಳಿರಲಿಲ್ಲ, ಉತ್ತರಿಸಿದವರೂ ಕೇಳಲಿಲ್ಲ. ದಿನಾಂಕ ವರ್ಷಗಟ್ಟಲೆ ಹಿಂದೆ ಹೋಗುತ್ತಿದ್ದರೆ ಸೆಲ್ ನೋಡಬೇಕು. ಕೆಲವೇ ನಿಮಿಷ ಹಿಂದುಮುಂದಾಗುತ್ತಿದ್ದರೆ ಆರಂಭದ ಹೊಂದಾಣಿಕೆಯೊಂದೇ ಸಾಕು. ಸರಿಯಾಗಿ ಗಂಟೆ ಅರ್ಧ ಗಂಟೆಗಳ ಲೆಕ್ಕದಲ್ಲಿ ತಪ್ಪುತ್ತಿದ್ದರೆ ಕಾಲವಲಯದ ಆಯ್ಕೆಯನ್ನು ಪರೀಕ್ಷಿಸಬೇಕು. ಈ ಮೂರನ್ನೂ ಬೇರ್ಪಡಿಸಿ, ಸೆಲ್ ಬದಲಿಸುವ ಕ್ರಮವನ್ನು ಚಿತ್ರಸಹಿತ ಅದೇ ಪುಟದಲ್ಲಿ ಪ್ರಕಟಿಸಬೇಕೆಂದು ವಿನಂತಿಸುತ್ತೇನೆ. ಸೆಲ್ ತೆಗೆಯುವ ಮುನ್ನ ವಿದ್ಯುತ್ ತಂತಿಯನ್ನು ಕಳಚಬೇಕೆಂಬ ಸೂಚನೆ ಅದರಲ್ಲಿ ತಪ್ಪದೆ ಇರಲಿ.

ಇಂತಿ,
ಪತ್ರಿಕೆಯ ಓದುಗ