ಎಷ್ಟನೇ ಆಲೂಗಡ್ಡೆಗೆ ಬೇಜಾರಾಯಿತು?

ತಮ್ಮಾ,

ಬೇಲಾ ತಾರ್‌ನ 'ದಿ ಟ್ಯೂರಿನ್ ಹಾರ್ಸ್' ಸಿನಿಮಾ ಬಗ್ಗೆ ನೀನು ಬರೆದ ಆರು ಪುಟ ಓದಿದೆ. 'ಮೌನ' ಹನ್ನೊಂದು ಸಲ ಬಂದಿದೆ, 'ಅಸ್ತಿತ್ವ' ಒಂಬತ್ತು ಸಲ. ಆಲೂಗಡ್ಡೆ ಮಾತ್ರ ಒಂದೇ ಸಲ! ಆಲೂಗಡ್ಡೆ ಬೆಳೆಯುವ ಅರಕಲಗೂಡು ಕಡೆಯ ಹುಡುಗ ನೀನು, ನಾಚಿಕೆ ಆಗಲಿಲ್ವಾ?

ಭಾಷೆ, ಪ್ಯಾರಾ, ಯಾವ ಪತ್ರಿಕೆಗೆ ಕಳಿಸಬೇಕು ಅನ್ನುವುದೆಲ್ಲ ಬಿಡು. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನಿನಗೆ ಎಷ್ಟು ಹೊತ್ತಿಗೆ ಬೇಜಾರಾಯಿತು, ಅದನ್ನು ಹೇಳು.

ಆಗಲೇ ಇಲ್ಲ ಅನ್ನಬೇಡ. 2011ರ ಸಿನಿಮಾ, 146 ನಿಮಿಷ, ಅಷ್ಟಕ್ಕೂ ಸೇರಿ 30 ಶಾಟ್, ಅಂದರೆ ಕ್ಯಾಮೆರಾ ನಿಲ್ಲಿಸದೆ ತೆಗೆದ ಮೂವತ್ತೇ ತುಂಡು. ಹೊರಗೆ ಒಂದೇ ಸಮ ಗಾಳಿ. ಕುದುರೆ ಗಾಡಿ ಎಳೆಯುವುದಿಲ್ಲ, ಆಮೇಲೆ ಮೇವೂ ಮುಟ್ಟುವುದಿಲ್ಲ. ಅಪ್ಪ, ಮಗಳು ದಿನಾ ತಲಾ ಒಂದು ಬೇಯಿಸಿದ ಆಲೂಗಡ್ಡೆ ತಿನ್ನುತ್ತಾರೆ. ಎರಡನೇ ಊಟಕ್ಕೇ ನನಗೆ ಸಾಕಾಯಿತು. ಎದ್ದು ಹೋಗಿ ಕಾಫಿ ಮಾಡಿಕೊಂಡು ಬಂದೆ. ಇನ್ನೇನೂ ನೋಡಲು ಇರಲಿಲ್ಲ, ಹಾಗಾಗಿ ಅವರ ಕೈ ನೋಡುತ್ತಾ ಕೂತೆ. ಅಪ್ಪನ ಒಂದು ಕೈಗೆ ಸ್ವಾಧೀನ ಇಲ್ಲ. ಇನ್ನೊಂದರಲ್ಲೇ ಸುಡುಸುಡು ಸಿಪ್ಪೆ ಕಿತ್ತು ಗಬಗಬ ತಿನ್ನುತ್ತಾನೆ. ಬೇಜಾರಾಗದೆ ಹೋಗಿದ್ದರೆ ಆ ಬೆರಳು ನನ್ನ ಕಣ್ಣಿಗೇ ಬೀಳುತ್ತಿರಲಿಲ್ಲ.

ಮೂವತ್ತು ವರ್ಷದ ಹಿಂದೆ ಹಾಸನದಲ್ಲಿ ಇಂಥದೇ ಒಂದು ಸಿನಿಮಾ ತೋರಿಸಿದರು. ಅರ್ಧಕ್ಕೆ ನಿದ್ದೆ ಹೋದೆ. ಮರುದಿನ ಒಂದು ವಾರಪತ್ರಿಕೆಗೆ ಅದು ಮಹಾಕೃತಿ ಅಂತ ಬರೆದು ಕಳಿಸಿದೆ. ಎಲ್ಲರೂ ಹೊಗಳಿದರು. ಪಕ್ಕದಲ್ಲಿ ಕೂತಿದ್ದ ಗೆಳೆಯ ಮಾತ್ರ, 'ನಿನ್ನ ಗೊರಕೆ ವಿಷಯ ಬಿಟ್ಟುಹೋಗಿದೆಯಲ್ಲೋ' ಅಂದ. ಎರಡು ವರ್ಷ ಅವನ ಜೊತೆ ಮಾತು ಬಿಟ್ಟೆ. ಆ ಲೇಖನ ನನ್ನ ಪುಸ್ತಕದಲ್ಲಿ ಈಗಲೂ ಇದೆ. ಅದನ್ನು ಹೊಗಳುವವರು ಇನ್ನೂ ಸಿಗುತ್ತಾರೆ, ಕರ್ಮ.

ನಿನ್ನ ನಾಲ್ಕನೇ ಪುಟದಲ್ಲಿ, ಬ್ರಾಕೆಟ್ಟಿನೊಳಗೆ, ಒಂದು ಸಾಲಿದೆ: 'ಆಲೂಗಡ್ಡೆಗೆ ಅಂಗಮಾರಿ ರೋಗ ಬಿದ್ದ ವರ್ಷ ನಮ್ಮಪ್ಪನೂ ಹೀಗೇ ಕಿಟಕಿ ಮುಂದೆ ಕೂರುತ್ತಿದ್ದರು.' ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತೆ. ಅದನ್ನೇಕಯ್ಯಾ ಬ್ರಾಕೆಟ್ಟಿನೊಳಗೆ ಕೂಡಿಹಾಕಿದೆ? ಸಾಲ ಮಾಡಿ ಜಲಂಧರದ ಬಿತ್ತನೆ ಗಡ್ಡೆ ತಂದು, ಮುಂಗಾರಿಗೆ ಹಾಕಿ, ಬಿಡದ ಮಳೆಯಲ್ಲಿ ಎಲೆ ಕಪ್ಪಾಗುವುದನ್ನು ನೋಡಿದವರ ಮನೆ ನಿನ್ನದು. ಆ ಕಿಟಕಿ ಬೇಲಾ ತಾರ್‌ಗೆ ಗೊತ್ತಿರಲಿಲ್ಲ. ಅಸ್ತಿತ್ವ ಅಂತೆ!

ಭಾನುವಾರ ಮನೆಗೆ ಬಾ, ಮತ್ತೊಮ್ಮೆ ಹಾಕೋಣ. ನಾನು ನಿದ್ದೆ ಹೋದರೆ ಎಬ್ಬಿಸಬೇಡ. ಎಷ್ಟನೇ ಆಲೂಗಡ್ಡೆಗೆ ಹೋದೆ ಅಂತ ಬರೆದಿಟ್ಟುಕೋ.

ನಿನ್ನ ಮೇಷ್ಟ್ರು