ಪೋಷಕರಿಗೆ ಪತ್ರ: ಅಟ್ಟದ ಮೇಲಿನ ಡಬ್ಬಿಯನ್ನು ಕೆಳಗಿಳಿಸಿ

ಆತ್ಮೀಯ ಪೋಷಕರೇ,

ನಮಸ್ಕಾರ. ಬೇಸಿಗೆ ರಜೆ ಮುಗಿದು ಮಕ್ಕಳು ಮತ್ತೆ ಶಾಲೆಗೆ ಬಂದಿದ್ದಾರೆ. ಪಠ್ಯಪುಸ್ತಕ ಮತ್ತು ಸಮವಸ್ತ್ರ ಇಲಾಖೆಯಿಂದ ಬರುತ್ತಿವೆ. ಉಳಿದ ಸಾಮಾನಿಗೆಂದು ಈ ವಾರ ನಿಮ್ಮಲ್ಲಿ ಹಲವರು ಮಂಡ್ಯದ ಪೇಟೆಗೆ ಹೊರಟಿರುತ್ತೀರಿ: ನೀರಿನ ಬಾಟಲಿ, ಊಟದ ಡಬ್ಬಿ, ಪುಸ್ತಕದ ಹೊದಿಕೆ, ಪೆನ್ನು. ಹೊರಡುವ ಮೊದಲು ದಯವಿಟ್ಟು ಈ ಪತ್ರವನ್ನು ಓದಿ. ಓದಲು ಬಾರದ ಅಜ್ಜ ಅಜ್ಜಿಯರಿಗೆ ಮಕ್ಕಳೇ ಓದಿ ಹೇಳಲಿ. ಇದರಲ್ಲಿರುವ ಎಷ್ಟೋ ಸಂಗತಿಗಳು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಶಾಲೆ ತೆರೆದ ಮೊದಲ ದಿನ ಶಿಕ್ಷಕರೆಲ್ಲ ಸೇರಿ ಆವರಣವನ್ನು ಸ್ವಚ್ಛ ಮಾಡಿದೆವು. ಅಡುಗೆ ಕೋಣೆಯ ಹಿಂದೆ, ನೀರಿನ ತೊಟ್ಟಿಯ ಮಗ್ಗುಲಲ್ಲಿ, ಬೇಲಿಯ ಬುಡದಲ್ಲಿ ಸಿಕ್ಕ ಪ್ಲಾಸ್ಟಿಕ್ಕೇ ಒಂದು ಗೋಣಿಚೀಲ ತುಂಬಿತು. ಏಳನೇ ತರಗತಿಯ ಮಕ್ಕಳ ಎದುರು ಅದನ್ನು ಸುರಿದು ಬೇರೆ ಬೇರೆ ಮಾಡಿಸಿದೆ. ಕುರುಕಲು ತಿಂಡಿಯ ಪೊಟ್ಟಣಗಳು, ಚಾಕೊಲೇಟ್ ಸುತ್ತಿದ ಹಾಳೆಗಳು, ಮುಗಿದ ಪೆನ್ನುಗಳು, ಬಾಟಲಿಯ ಮುಚ್ಚಳಗಳು, ಶಾಲಾ ವಾರ್ಷಿಕೋತ್ಸವದ ಥರ್ಮಾಕೋಲ್ ಚೂರುಗಳು. ಅವುಗಳ ನಡುವೆ ಜನವರಿ 26ರಂದು ಮಕ್ಕಳು ಹಿಡಿದಿದ್ದ ಪುಟ್ಟ ಬಾವುಟಗಳೂ ಇದ್ದವು, ಪ್ಲಾಸ್ಟಿಕ್ ಬಾವುಟಗಳು, ಮಣ್ಣು ಮೆತ್ತಿಕೊಂಡು. ನನಗೆ ತುಂಬ ನೋವಾಯಿತು. ಪ್ಲಾಸ್ಟಿಕ್ ಬಾವುಟವೂ, ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ ಕೂಡ 2022ರ ಜುಲೈ 1ರಿಂದ ದೇಶದಾದ್ಯಂತ ನಿಷೇಧಗೊಂಡಿರುವ ವಸ್ತುಗಳು. ಅವು ನಮ್ಮ ಶಾಲೆಯ ಒಳಗೆ ಬಂದದ್ದು ನಮ್ಮ ತಪ್ಪು, ನಿಮ್ಮದಲ್ಲ. ಈ ಆಗಸ್ಟ್ 15ಕ್ಕೆ ಮಕ್ಕಳ ಕೈಯಲ್ಲಿ ಕಾಗದದ ಬಾವುಟ ಇರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಒಂದೊಂದನ್ನೂ ನಾವೇ ಎಣಿಸಿ ಹಿಂದಕ್ಕೆ ಪಡೆಯುತ್ತೇವೆ.

ಆ ರಾಶಿಯನ್ನು ನೋಡುತ್ತ ನಿಂತಿದ್ದ ಒಬ್ಬ ಹುಡುಗಿ, "ಮೇಡಂ, ನಮ್ಮ ಹಸುವಿನ ಹೊಟ್ಟೆಯಲ್ಲೂ ಇಂಥದ್ದೇ ಇತ್ತು" ಎಂದಳು. ಮೇವು ಬಿಟ್ಟು ಹೊಟ್ಟೆ ಉಬ್ಬಿಸಿಕೊಂಡು ನಿಂತಿದ್ದ ಹಸುವಿನ ಎಡಮಗ್ಗುಲನ್ನು ಕೊಯ್ದು ಪಶುವೈದ್ಯರು ಕವರುಗಳ ಉಂಡೆಯನ್ನು ಹೊರತೆಗೆದರಂತೆ. ಹಸು ಬದುಕಿತು, ಆದರೆ ಹಾಲು ಮೊದಲಿನಂತೆ ಬರಲಿಲ್ಲ. ಡೇರಿಯ ಬಟವಾಡೆಯ ಹಣದಲ್ಲಿಯೇ ಅವಳ ನೋಟ್ ಪುಸ್ತಕಗಳು ಬರುತ್ತಿದ್ದುದು. ಈ ಪತ್ರವನ್ನು ಬರೆಯಲೇಬೇಕು ಎಂದು ನನಗೆ ಅನ್ನಿಸಿದ್ದು ಆ ಮಾತು ಕೇಳಿದಾಗ.

ಹಸು ಪ್ಲಾಸ್ಟಿಕ್ಕನ್ನು ಹುಡುಕಿಕೊಂಡು ತಿನ್ನುವುದಿಲ್ಲ. ಉಳಿದ ಅನ್ನ, ತರಕಾರಿ ಸಿಪ್ಪೆ, ಹಬ್ಬದ ಎಂಜಲನ್ನು ನಾವು ಕವರಿಗೆ ಹಾಕಿ ಗಂಟು ಕಟ್ಟಿ ಬೀದಿಗೆ ಎಸೆಯುತ್ತೇವೆ. ಗಂಟು ಬಿಚ್ಚಲು ಹಸುವಿಗೆ ಕೈಯಿಲ್ಲ. ವಾಸನೆ ಹಿಡಿದು ಬಂದು ಗಂಟಿನ ಸಮೇತ ನುಂಗುತ್ತದೆ. ಆ ಕವರು ಮೊದಲ ದೊಡ್ಡ ಹೊಟ್ಟೆಯಲ್ಲೇ ಉಳಿಯುತ್ತದೆ, ಕರಗುವುದಿಲ್ಲ, ಸಗಣಿಯಲ್ಲೂ ಹೋಗುವುದಿಲ್ಲ. ಒಂದರ ಮೇಲೊಂದು ಸೇರಿ ಗಟ್ಟಿಯಾದಂತೆ ಮೇವಿಗೆ ಜಾಗವೇ ಇಲ್ಲದಾಗುತ್ತದೆ. ಹೊಟ್ಟೆ ತುಂಬಿದಂತೆ ಕಾಣುವ ಹಸು ಹಸಿದು ಬಡವಾಗುತ್ತದೆ. ಆದ್ದರಿಂದ ನನ್ನ ಮೊದಲ ಬೇಡಿಕೆ ಇಷ್ಟೇ: ಉಳಿದ ಆಹಾರವನ್ನು ಕವರಿನಲ್ಲಿ ಕಟ್ಟಿ ಎಸೆಯಬೇಡಿ. ಕಲಗಚ್ಚಿನ ಬಕೆಟ್ಟಿಗೋ ತಿಪ್ಪೆಗೋ ನೇರವಾಗಿ ಸುರಿಯಿರಿ.

ತಿಪ್ಪೆಯ ಮಾತು ಬಂತು. ನಿಮ್ಮ ತಿಪ್ಪೆಯನ್ನು ಒಮ್ಮೆ ಕೆದಕಿ ನೋಡಿ. ಶ್ಯಾಂಪೂ ಚೀಟಿ, ಗುಟ್ಕಾ ಪೊಟ್ಟಣ, ಹರಿದ ಕವರು ಎಲ್ಲವೂ ಗೊಬ್ಬರದ ಜೊತೆ ಗದ್ದೆಗೆ ಹೋಗುತ್ತವೆ. ಉಳುಮೆ ಮಾಡಿದಷ್ಟೂ ಚೂರಾಗುತ್ತವೆ, ಮಣ್ಣಾಗುವುದಿಲ್ಲ. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಟ್ಟ ಮೊದಲ ದಿನಗಳಲ್ಲಿ ತೂಬಿಗೆ ಅಡ್ಡಲಾಗಿ ನಿಲ್ಲುವ ಕಸವನ್ನು ಗಳದಿಂದ ಎಳೆದು ಹಾಕುವವರು ನೀವೇ. ಅದರಲ್ಲಿ ಎಷ್ಟು ಎಲೆ, ಎಷ್ಟು ಪ್ಲಾಸ್ಟಿಕ್ ಎನ್ನುವುದನ್ನು ನಾನು ಹೇಳಬೇಕಾಗಿಲ್ಲ.

ಇನ್ನೊಂದು ವಿಷಯವನ್ನು ಸ್ವಲ್ಪ ಕಟುವಾಗಿಯೇ ಹೇಳುತ್ತೇನೆ, ಬೇಸರಿಸಬೇಡಿ. ಬೆಳಗಿನ ಹೊತ್ತು ಊರೊಳಗೆ ನಡೆದು ಬರುವಾಗ ಬಚ್ಚಲ ಒಲೆಯ ಹೊಗೆಯಲ್ಲಿ ಪ್ಲಾಸ್ಟಿಕ್ ವಾಸನೆ ಮೂಗಿಗೆ ಹೊಡೆಯುತ್ತದೆ. ಬೆಂಕಿ ಬೇಗ ಹತ್ತಲಿ ಎಂದು ಹಾಲಿನ ಕವರು, ಹರಿದ ಚಪ್ಪಲಿ, ಪೈಪಿನ ಚೂರನ್ನು ಒಲೆಗೆ ತುರುಕುತ್ತೇವೆ. ಬಹಳ ಮನೆಗಳಲ್ಲಿ ಈ ಕೆಲಸ ಮಕ್ಕಳದು. ಊದುಗೊಳವೆ ಹಿಡಿದು ಒಲೆಯ ಬಾಯಿಗೆ ಮುಖವಿಟ್ಟು ಊದುವ ಮಗು ಆ ಹೊಗೆಯನ್ನು ನೇರವಾಗಿ ಎಳೆದುಕೊಳ್ಳುತ್ತದೆ. ಪಿವಿಸಿ ಪೈಪು, ವೈರಿನ ಹೊದಿಕೆಯಂಥವು ಸುಟ್ಟಾಗ ಗಂಟಲು ಉರಿಸುವ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಅದು ದೇಹದಲ್ಲಿ ವರ್ಷಗಟ್ಟಲೆ ಉಳಿಯುವ ವಿಷ. ನಮ್ಮ ಊರಿನಲ್ಲಿ ತೆಂಗಿನ ಗರಿಗೆ, ಸೋಗೆಗೆ, ಚಿಪ್ಪಿಗೆ ಏನು ಬರ? ನಾಳೆಯಿಂದಲೇ ಇದನ್ನು ನಿಲ್ಲಿಸಿ. ಈ ಪತ್ರದಲ್ಲಿ ಬೇರೆ ಯಾವುದಕ್ಕೂ ಒಪ್ಪದಿದ್ದರೂ ಇದೊಂದಕ್ಕೆ ಒಪ್ಪಿ.

ಈಗ ಪೇಟೆಯ ಮಾತಿಗೆ ಬರುತ್ತೇನೆ. ಪ್ಲಾಸ್ಟಿಕ್ ಬಿಡಿ ಎಂದರೆ ದುಬಾರಿ ಸಾಮಾನು ಕೊಳ್ಳಿ ಎಂದು ಅರ್ಥವಲ್ಲ. ಕೂಲಿ ಮಾಡಿ ಮಕ್ಕಳನ್ನು ಓದಿಸುವ ಮನೆಗೆ ಹೊಸ ಸ್ಟೀಲ್ ಬಾಟಲಿ ಎಂದರೆ ಒಂದು ದಿನದ ದುಡಿಮೆ ಎಂಬುದು ನನಗೆ ಗೊತ್ತಿದೆ. ಏನನ್ನೂ ಕೊಳ್ಳಬೇಡಿ. ಅಟ್ಟ ಹತ್ತಿ ನೋಡಿ. ಮದುವೆಯಲ್ಲಿ ಮುಯ್ಯಿ ಬಂದ ಸ್ಟೀಲ್ ಡಬ್ಬಿಗಳು, ಹೆಸರು ಕೆತ್ತಿಸಿದ ಲೋಟಗಳು, ತಾತ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಕ್ಯಾರಿಯರ್, ಹಿತ್ತಾಳೆಯ ಚೊಂಬು ಅಲ್ಲಿಯೇ ಇವೆ. ಅವುಗಳನ್ನು ಕೆಳಗಿಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಮಗುವಿನ ಚೀಲಕ್ಕೆ ಇಡಿ. ಮುಚ್ಚಳ ಸಡಿಲವಾಗಿ ಸಾರು ಸೋರುವಂತಿದ್ದರೆ ಒಣ ತಿಂಡಿಗೆ ಬಳಸಿ. ಬಿಸಿ ಊಟವನ್ನು ಶಾಲೆಯೇ ಹಾಕುತ್ತದೆ.

ಹಾಗೆಂದು ಮನೆಯಲ್ಲಿರುವ ಪ್ಲಾಸ್ಟಿಕ್ ಡಬ್ಬಿಗಳನ್ನೆಲ್ಲ ಇವತ್ತೇ ತಿಪ್ಪೆಗೆ ಎಸೆಯಬೇಡಿ, ಅದು ಇನ್ನೂ ದೊಡ್ಡ ತಪ್ಪು. ಒಡೆಯುವವರೆಗೆ ಬೇಳೆಕಾಳು, ಬಟ್ಟೆಯ ಪಿನ್ನು ಇಡಲು ಬಳಸಿ. ಬಿಸಿ ಪದಾರ್ಥವನ್ನು ಮಾತ್ರ ಅವುಗಳಿಗೆ ಹಾಕಬೇಡಿ. ಇಡ್ಲಿ ಬೇಯಿಸುವಾಗ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುವುದನ್ನು 2025ರ ಫೆಬ್ರುವರಿಯಲ್ಲಿ ನಮ್ಮ ರಾಜ್ಯದ ಆರೋಗ್ಯ ಇಲಾಖೆ ತಡೆಯಲು ಹೊರಟದ್ದು ಈ ಬಿಸಿಯ ಕಾರಣಕ್ಕೇ. ಹೋಟೆಲಿನಿಂದ ಕುದಿಯುವ ಸಾಂಬಾರನ್ನು ಕವರಿನಲ್ಲಿ ಕಟ್ಟಿಸಿಕೊಂಡು ಬರುವುದಕ್ಕೂ ಇದೇ ಮಾತು ಸಲ್ಲುತ್ತದೆ.

ಕುಡಿಯುವ ನೀರಿಗೆ ಶಾಲೆಯಲ್ಲಿ ನಲ್ಲಿಯಿರುವ ಸ್ಟೀಲ್ ಡ್ರಮ್ ಇಟ್ಟಿದ್ದೇವೆ, ಲೋಟಗಳೂ ಇವೆ. ಬಾಟಲಿ ತರದ ಮಗು ಬಾಯಾರಿ ಕೂರುವುದಿಲ್ಲ. ಪುಸ್ತಕಕ್ಕೆ ಹಳೆಯ ಕ್ಯಾಲೆಂಡರ್ ಹಾಳೆಯನ್ನೋ ಬೈಂಡಿಂಗ್ ಕಾಗದವನ್ನೋ ಹೊದಿಸಿದರೆ ಸಾಕು. ಪೆನ್ನಿಗೆ ರೀಫಿಲ್ ಹಾಕಿಸಿ, ಐದನೇ ತರಗತಿ ಮೇಲ್ಪಟ್ಟವರಿಗೆ ಶಾಯಿ ಪೆನ್ನು ಕೊಟ್ಟರೆ ಇನ್ನೂ ಸಂತೋಷ, ಅಕ್ಷರವೂ ದುಂಡಗಾಗುತ್ತದೆ.

ಚೀಲದ ವಿಷಯದಲ್ಲಿ ಹೆಚ್ಚಿನವರು ಮೋಸ ಹೋಗುತ್ತಿದ್ದಾರೆ. ಬಟ್ಟೆ ಅಂಗಡಿಯಲ್ಲೂ ದಿನಸಿ ಅಂಗಡಿಯಲ್ಲೂ ಕೊಡುವ, ಮುಟ್ಟಿದರೆ ಬಟ್ಟೆಯಂತಿರುವ ಬಣ್ಣಬಣ್ಣದ ಚೀಲ ಬಟ್ಟೆಯಲ್ಲ. ಅದನ್ನು ಮಗ್ಗದಲ್ಲಿ ನೇಯ್ದಿಲ್ಲ, ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಎಳೆಗಳನ್ನು ಬಿಸಿಯಿಂದ ಒತ್ತಿ ಮಾಡಿರುತ್ತಾರೆ. ಬಿಸಿಲಿಗೆ ಬಿಟ್ಟರೆ ಕೆಲವೇ ತಿಂಗಳಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ನಿಜವಾದ ಬಟ್ಟೆಯಲ್ಲಿ ಹಾಸು ಹೊಕ್ಕಿನ ದಾರಗಳು ಕಾಣುತ್ತವೆ, ಅಂಚಿನಿಂದ ಒಂದು ದಾರವನ್ನು ಎಳೆದರೆ ಬಿಚ್ಚಿಕೊಂಡು ಬರುತ್ತದೆ. ಹಾಗೆಯೇ ಹೊಸ ಹತ್ತಿ ಚೀಲವನ್ನು ಕೊಂಡು ಎರಡು ಸಲ ಬಳಸಿ ಮೂಲೆಗೆ ಎಸೆದರೂ ಪ್ರಯೋಜನವಿಲ್ಲ. ಹತ್ತಿ ಬೆಳೆಯಲು ಎಷ್ಟು ನೀರು, ಎಷ್ಟು ಔಷಧ ಬೇಕೆಂದು ರೈತರಿಗೆ ನಾನು ಹೇಳಬೇಕೇ? ಸವೆದ ಪಂಚೆ, ಹಳೆಯ ಸೀರೆಯಿಂದ ಹೊಲಿದ ಚೀಲವೇ ಶ್ರೇಷ್ಠ. ಅದನ್ನು ಬೈಕಿನ ಹ್ಯಾಂಡಲಿಗೆ ಸದಾ ಸಿಕ್ಕಿಸಿಡಿ. ಮನೆಯಲ್ಲಿ ಮರೆತು ಬಂದ ಚೀಲ ಸಂತೆಯಲ್ಲಿ ಕೆಲಸಕ್ಕೆ ಬರುವುದಿಲ್ಲ.

ವರ್ಷತೊಡಕಿನ ದಿನ ಗುಡ್ಡೆ ಮಾಂಸಕ್ಕೆ ಊರಿನವರೆಲ್ಲ ಮನೆಯಿಂದ ಪಾತ್ರೆ ಹಿಡಿದು ಹೋಗುತ್ತೀರಿ. ಆ ದಿನ ಯಾರಿಗೂ ಸಂಕೋಚವಿಲ್ಲ. ಭಾನುವಾರ ಕೋಳಿ ಅಂಗಡಿಗೆ ಹೋಗುವಾಗ ಮಾತ್ರ ಬರಿಗೈಯಲ್ಲಿ ಹೋಗಿ ಕಪ್ಪು ಕವರಿಗೆ ಕೈಯೊಡ್ಡುವುದೇಕೆ? ಅದೇ ಪಾತ್ರೆ ಒಯ್ಯಿರಿ. ನಾಲ್ಕು ಜನ ಒಯ್ದರೆ ಅಂಗಡಿಯವರೇ ಐದನೆಯವರನ್ನು ಪಾತ್ರೆ ಎಲ್ಲಿ ಎಂದು ಕೇಳುತ್ತಾರೆ.

ಮದುವೆ, ಬೀಗರ ಊಟ, ಗೃಹಪ್ರವೇಶಗಳಲ್ಲಿ ಬಾಳೆಲೆ ಇನ್ನೂ ಉಳಿದಿದೆ, ಅದು ನಮ್ಮ ಭಾಗ್ಯ. ಆದರೆ ಎಲೆಯ ಕೆಳಗೆ ಹಾಸುವ ಹಾಳೆ, ಎಲೆಯ ಪಕ್ಕದ ಪುಟ್ಟ ನೀರಿನ ಬಾಟಲಿ, ಪಾಯಸದ ಲೋಟ ಪ್ಲಾಸ್ಟಿಕ್ಕಾಗಿವೆ. ಅರ್ಧ ಕುಡಿದ ಬಾಟಲಿಗಳನ್ನು ಎಂಜಲೆಲೆಯ ಜೊತೆಗೇ ಸುತ್ತಿ ಗುಂಡಿಗೆ ಹಾಕುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಕಾಗದದ ಲೋಟವಾದರೆ ಚಿಂತೆಯಿಲ್ಲ ಎಂದು ನಾನೂ ನಂಬಿದ್ದೆ. ಅದರ ಒಳಮೈಗೆ ಪ್ಲಾಸ್ಟಿಕ್ಕಿನ ತೆಳುಪೊರೆ ಇರುತ್ತದೆ, ಇಲ್ಲದಿದ್ದರೆ ಚಹಾ ನಿಲ್ಲುವುದಿಲ್ಲ. ಖರಗ್‌ಪುರದ ಐಐಟಿಯ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಂಥ ಲೋಟದಲ್ಲಿ 100 ಮಿಲಿಲೀಟರ್ ಬಿಸಿ ಪಾನೀಯ 15 ನಿಮಿಷ ಇದ್ದರೆ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಅದರೊಳಗೆ ಸೇರುತ್ತವೆ. ಇದನ್ನು ಓದಿದ ಮೇಲೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ಚಹಾಕ್ಕೂ ನಾವು ಸ್ಟೀಲ್ ಲೋಟವನ್ನೇ ಇಡುತ್ತಿದ್ದೇವೆ. ಊರಿಗೆ ಒಂದು ಕಡೆ ನೂರಿನ್ನೂರು ಸ್ಟೀಲ್ ಲೋಟ, ತಟ್ಟೆಗಳನ್ನು ಮಾಡಿಸಿ, ಸಮಾರಂಭಗಳಿಗೆ ಕೊಟ್ಟು ಪಡೆಯುವ ವ್ಯವಸ್ಥೆ ಆದರೆ ಎಷ್ಟು ಚೆನ್ನ! ಸ್ತ್ರೀಶಕ್ತಿ ಸಂಘದ ತಾಯಂದಿರು ಇದನ್ನು ಯೋಚಿಸಬೇಕು ಎಂದು ಬೇಡಿಕೊಳ್ಳುತ್ತೇನೆ. ಬಾಡಿಗೆಯ ಹಣ ಸಂಘಕ್ಕೇ ಉಳಿಯುತ್ತದೆ.

ಗೋಣಿಚೀಲದಲ್ಲಿ ಹೆಚ್ಚು ಸಿಕ್ಕಿದ್ದು ಐದು ರೂಪಾಯಿಯ ತಿಂಡಿ ಪೊಟ್ಟಣ. ಒಳಗೆ ಬೆಳ್ಳಿಯಂತೆ ಹೊಳೆಯುವ ಅದರಲ್ಲಿ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಬೇರ್ಪಡಿಸಲಾಗದ ಕಾರಣ ಗುಜರಿಯವರು ಅದನ್ನು ಮುಟ್ಟುವುದಿಲ್ಲ. ಶಾಲೆಯ ಎದುರಿನ ಅಂಗಡಿಯನ್ನು ನಡೆಸುವವರೂ ನಮ್ಮ ಪೋಷಕರೇ, ಅವರ ವ್ಯಾಪಾರ ಕೆಡಬಾರದು. ಗಾಜಿನ ಭರಣಿಯಲ್ಲಿ ಕಡಲೆ ಮಿಠಾಯಿ, ಕೋಡುಬಳೆ, ಹುರಿಗಡಲೆ ಇಟ್ಟರೆ ಅವರಿಂದಲೇ ಕೊಳ್ಳಲು ಮಕ್ಕಳಿಗೆ ಹೇಳುತ್ತೇವೆ. ಹುಟ್ಟುಹಬ್ಬಕ್ಕೂ ಚಾಕೊಲೇಟ್ ಬೇಡ. ತೋಟದ ಬಾಳೆಹಣ್ಣೋ, ಒಂದೊಂದು ಚೂರು ಬೆಲ್ಲ ಕೊಬ್ಬರಿಯೋ ಸಾಕು.

ನಂದಿನಿ ಹಾಲಿನ ಕವರು ಹಾಗಲ್ಲ, ಅದು ಮರುಬಳಕೆಯಾಗುತ್ತದೆ. ಆದರೆ ಮೂಲೆಯನ್ನು ಪೂರ್ತಿ ಕತ್ತರಿಸಿ ಆ ಚೂರನ್ನು ಬಿಸಾಡಿದರೆ ಅದು ಯಾರ ಕೈಗೂ ಸಿಗುವುದಿಲ್ಲ. ಚೂರು ಕವರಿಗೇ ಅಂಟಿಕೊಂಡಿರುವಂತೆ ಕತ್ತರಿಸಿ, ತೊಳೆದು, ಒಣಗಿಸಿ, ಪಂಚಾಯಿತಿಯ ಸ್ವಚ್ಛ ವಾಹಿನಿ ಬಂದಾಗ ಒಣ ಕಸದೊಂದಿಗೆ ಕೊಡಿ.

ತಾಯಂದಿರಿಗೆ ಮಾತ್ರ ಹೇಳಬೇಕಾದ ಮಾತೊಂದಿದೆ. ಆರು ಮತ್ತು ಏಳನೇ ತರಗತಿಯ ಹುಡುಗಿಯರು ಬಳಸುವ ಪ್ಯಾಡ್‌ಗಳಲ್ಲೂ ಪ್ಲಾಸ್ಟಿಕ್ ಪದರ ಇರುತ್ತದೆ. ಅವುಗಳನ್ನು ನಾಲೆಗೆ ಎಸೆಯುವುದು, ಬಚ್ಚಲ ಒಲೆಗೆ ಹಾಕುವುದು ಎರಡೂ ಬೇಡ. ಕಾಗದದಲ್ಲಿ ಸುತ್ತಿ ಬೇರೆಯಾಗಿ ಕಸದ ಗಾಡಿಗೆ ಕೊಡಿ. ಒಗೆದು ಬಳಸುವ ಬಟ್ಟೆಯ ಪ್ಯಾಡ್ ಒಳ್ಳೆಯ ದಾರಿ. ಆದರೆ ಅದನ್ನು ಸೋಪು ಹಾಕಿ ಒಗೆದು ಬಿಸಿಲಿನಲ್ಲಿ ಒಣಗಿಸಲೇಬೇಕು. ನಾಚಿಕೆಯಿಂದ ಕತ್ತಲ ಮೂಲೆಯಲ್ಲಿ ಒದ್ದೆಯಾಗಿ ಇಟ್ಟರೆ ಮಗಳಿಗೆ ಸೋಂಕು ತಗಲುತ್ತದೆ. ನೀರು, ಬಿಸಿಲು, ಮರೆ ಮೂರೂ ಇಲ್ಲದ ಮನೆಯಲ್ಲಿ ಮಗಳ ಮೇಲೆ ಇದನ್ನು ಹೇರಬೇಡಿ. ಅವಳ ಆರೋಗ್ಯ ಮೊದಲು, ಉಳಿದದ್ದು ಆಮೇಲೆ.

ಹಳೆಯ ಪ್ಲಾಸ್ಟಿಕ್ ಡಬ್ಬಿ ತಂದ ಮಗುವನ್ನು ಶಾಲೆಯಲ್ಲಿ ಯಾರೂ ಗದರುವುದಿಲ್ಲ, ಎದ್ದು ನಿಲ್ಲಿಸುವುದಿಲ್ಲ, ದಂಡ ಹಾಕುವುದಿಲ್ಲ. ಹಾಗೆ ಯಾರಾದರೂ ಮಾಡಿದರೆ ನೇರವಾಗಿ ನನಗೆ ತಿಳಿಸಿ.

ಬರುವ ಶನಿವಾರ ಬೆಳಗಿನ ತರಗತಿಗಳು ಮುಗಿದ ಮೇಲೆ ಶಾಲೆಯ ಜಗಲಿಯಲ್ಲಿ ಚೀಲ ಹೊಲಿಯುತ್ತೇವೆ. ಒಗೆದು ಒಣಗಿಸಿದ ಪಂಚೆ, ಸೀರೆ, ಪ್ಯಾಂಟಿನ ಬಟ್ಟೆ ಏನಿದ್ದರೂ ಮಕ್ಕಳ ಕೈಯಲ್ಲಿ ಕಳುಹಿಸಿ. ಹೊಲಿಗೆ ಯಂತ್ರ ತುಳಿಯಲು ಬರುವವರು ದಯವಿಟ್ಟು ಒಂದು ಗಂಟೆ ಬಿಡುವು ಮಾಡಿಕೊಳ್ಳಿ. ಎರಡು ಯಂತ್ರಗಳು ಸಿಕ್ಕಿವೆ, ಇನ್ನೊಂದು ಬೇಕು. ಯಂತ್ರ ಇರುವವರು ಶುಕ್ರವಾರದೊಳಗೆ ತಿಳಿಸಿದರೆ ತಂದುಕೊಳ್ಳಲು ಗಾಡಿ ಕಳುಹಿಸುತ್ತೇವೆ.

ತಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ
ಮಂಡ್ಯ ತಾಲ್ಲೂಕು