ಬಣ್ಣದ ನೀರಿಗೆ ಬೇರೆಯೇ ಹೊಂಡ ಬೇಕು, ಕೆರೆಯಲ್ಲ

ಮಾನ್ಯ ಸಂಪಾದಕರೇ,

ಬೆಟಗೇರಿಯ ನೇಕಾರರ ಓಣಿಯಲ್ಲಿ ಬೆಳೆದ ನನಗೆ, ಅಂದು ಯಾವ ಬಣ್ಣದ ನೂಲು ಅದ್ದುತ್ತಿದ್ದಾರೆ ಎಂಬುದನ್ನು ಮನೆ ಮುಂದಿನ ಗಟಾರವೇ ಹೇಳುತ್ತಿತ್ತು. ಕೆಂಪು ಅದ್ದಿದ ದಿನ ಕುಂಕುಮ ಕಲಸಿದಂಥ ನೀರು ಹರಿದು, ಗಟಾರದ ಕಲ್ಲಿಗೆ ಹತ್ತಿದ ಕಲೆ ಮಳೆಗಾಲ ಬರುವವರೆಗೂ ಹೋಗುತ್ತಿರಲಿಲ್ಲ. ಈ ಕೆಲಸ ಮಾಡುವವರು ಸಣ್ಣ ಬಂಡವಾಳದವರು. ಹಗಲಿರುಳು ಕರೆಂಟು ಬೇಡುವ ಶುದ್ಧೀಕರಣ ಯಂತ್ರಗಳನ್ನು ಅವರು ಹಾಕಿಸಲಾರರು. ಆದುದರಿಂದ ಸಾಲು ಹೊಂಡಗಳಲ್ಲಿ ಮತ್ತು ಆಪು ಎಂಬ ಜೊಂಡುಹುಲ್ಲು ಬೆಳೆಸಿದ ಜೌಗಿನಲ್ಲಿ ಈ ನೀರನ್ನು ಶುದ್ಧಗೊಳಿಸುವ ಯೋಜನೆಯನ್ನು ನಗರಸಭೆಯೇ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ.

ಆದರೆ ಇದನ್ನು ಅರ್ಧಂಬರ್ಧ ಮಾಡುವಂತಿಲ್ಲ. ಮೂರು-ನಾಲ್ಕು ಮೀಟರ್ ಆಳದ ಮೊದಲ ಹೊಂಡದಲ್ಲಿ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಾಣುಗಳು ನೂಲಿಗೆ ಹಾಕುವ ‘ಅಜೋ’ ಎಂಬ ಕೃತಕ ಬಣ್ಣಗಳಲ್ಲಿನ ಸಾರಜನಕದ ಜೋಡಿ ಬಂಧವನ್ನು ಮುರಿಯುತ್ತವೆ, ಬಣ್ಣ ಮಾಯವಾಗುತ್ತದೆ. ನೋಡುವವರಿಗೆ ಕೆಲಸ ಮುಗಿಯಿತೆನಿಸುವುದು ಇಲ್ಲಿಯೇ, ಅಪಾಯವಿರುವುದೂ ಇಲ್ಲಿಯೇ. ಬಂಧ ಮುರಿದಾಗ ಹುಟ್ಟುವ ಆರೊಮ್ಯಾಟಿಕ್ ಅಮೈನುಗಳೆಂಬ ರಾಸಾಯನಿಕಗಳು ಕಣ್ಣಿಗೆ ಕಾಣುವುದಿಲ್ಲ, ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕಗಳು. ಅವು ಒಡೆಯಬೇಕಾದರೆ ಆಮ್ಲಜನಕ ಬೇಕು. ಅದಕ್ಕೆಂದೇ ಒಂದೂವರೆ ಮೀಟರ್ ಮೀರದ, ಬಿಸಿಲು ಬೀಳುವ ಅಗಲವಾದ ಎರಡನೆಯ ಹೊಂಡ ಬೇಕು. ಅಲ್ಲಿ ಪಾಚಿ ಆಮ್ಲಜನಕ ಒದಗಿಸುತ್ತದೆ. ಕೊನೆಗೆ ಜಲ್ಲಿ ತುಂಬಿ ಆಪು ನೆಟ್ಟ ಮಡಿಯಲ್ಲಿ, ಬೇರಿಗೂ ಜಲ್ಲಿಗೂ ಅಂಟಿಕೊಂಡ ಸೂಕ್ಷ್ಮಾಣುಗಳು ಉಳಿದ ಕೊಳೆಯನ್ನು ತಿನ್ನುತ್ತವೆ.

ಈ ವಿಧಾನಕ್ಕೆ ಮಿತಿಗಳಿವೆ. ಬಣ್ಣ ಹಿಡಿಯಲೆಂದು ಹಾಕುವ ಉಪ್ಪು ಯಾವ ಹೊಂಡದಲ್ಲಿಯೂ ಕರಗಿ ಇಲ್ಲವಾಗುವುದಿಲ್ಲ. ನಮ್ಮ ಬೇಸಿಗೆಯಲ್ಲಿ ನೀರು ಆವಿಯಾದಂತೆ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಮತ್ತಷ್ಟು ಹೆಚ್ಚುತ್ತದೆ. ಹುಬ್ಬಳ್ಳಿಯಂಥ ಊರುಗಳಲ್ಲಿ ಲೋಹಲೇಪನ ಮಾಡುವ ಘಟಕಗಳ ಕ್ರೋಮಿಯಂ ಕೂಡ ಹೀಗೆಯೇ: ಅದನ್ನು ಘಟಕದ ಒಳಗೇ ರಾಸಾಯನಿಕವಾಗಿ ತಳಕ್ಕಿಳಿಸಿ ತೆಗೆಯಬೇಕು, ಇಲ್ಲವಾದರೆ ಹೊಂಡದ ಕೆಸರೇ ವಿಷವಾಗುತ್ತದೆ. ಕೋಲ್ಕತ್ತದ ಪೂರ್ವದಲ್ಲಿ ಸುಮಾರು 12,500 ಹೆಕ್ಟೇರ್ ಜೌಗು ಪ್ರದೇಶ ನಗರದ ಕೊಳಚೆಯನ್ನು ಅರಗಿಸಿ ಮೀನು ಬೆಳೆಸುತ್ತಿದೆ, 2002ರಲ್ಲಿ ಅದು ಅಂತಾರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೂ ಸೇರಿತು ಎಂಬುದು ನಿಜ. ಆದರೆ ಅಲ್ಲಿಗೆ ಹರಿಯುವುದು ಮುಖ್ಯವಾಗಿ ಮನೆಗಳ ಕೊಳಚೆ. ಅದನ್ನು ತೋರಿಸಿ ಕಾರ್ಖಾನೆಯ ನೀರಿಗೂ ಇದೇ ಸಾಕೆಂದು ವಾದಿಸುವುದು ಸರಿಯಲ್ಲ.

ನನ್ನ ದೊಡ್ಡ ಆತಂಕವೆಂದರೆ, ಜಾಗ ಉಳಿಸುವ ನೆಪದಲ್ಲಿ ಇರುವ ಕೆರೆಯನ್ನೇ ಶುದ್ಧೀಕರಣದ ಹೊಂಡವಾಗಿ ಮಾಡಿಬಿಡುವುದು. ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. 2024ರಲ್ಲಿ ಅದೂ ರಾಮ್ಸರ್ ತಾಣವಾಯಿತು. ಕೆರೆಗಳ ಅಂಥ ಬೆಲೆ ಬಲ್ಲ ಜಿಲ್ಲೆಯಲ್ಲಿ ಕೊಳೆನೀರಿಗೆ ಬೇರೆ ಜಮೀನನ್ನೇ ಗುರುತಿಸಬೇಕು. ಅದು ಎರೆ ಭೂಮಿಯಾದರೆ ತಳಕ್ಕೆ ಪ್ಲಾಸ್ಟಿಕ್ ಹಾಳೆಯ ಹೊದಿಕೆ ಹಾಸಲೇಬೇಕು. ಏಕೆಂದರೆ ಬೇಸಿಗೆಯಲ್ಲಿ ಹೊಂಡ ಬತ್ತಿದರೆ ಎರೆ ಬಿರಿದು, ಅಂಗೈ ಹೊಗುವಷ್ಟು ಅಗಲದ ಸೀಳುಗಳಿಂದ ಕೊಳೆನೀರು ಬಾವಿಗಳಿಗೆ ಇಳಿಯುತ್ತದೆ.

ಹೊರಬಿಡುವ ನೀರಿನಲ್ಲಿ ಬಿಒಡಿ (ಕೊಳೆಯನ್ನು ಒಡೆಯಲು ಸೂಕ್ಷ್ಮಾಣುಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 30 ಮಿಲಿಗ್ರಾಂ ಮೀರಬಾರದೆಂಬ ನಿಯಮವಿದೆ. ಅದನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ, ಫಲಿತಾಂಶವನ್ನು ಓಣಿಯ ಜನ ಓದುವ ಕಡೆ ಹಚ್ಚಬೇಕು. ಆಪನ್ನು ವರ್ಷಕ್ಕೊಮ್ಮೆಯಾದರೂ ಕೊಯ್ದು, ಹೂಳು ತೆಗೆಯುವ ಕೂಲಿಯನ್ನು ಮೊದಲ ಅಂದಾಜುಪಟ್ಟಿಯಲ್ಲಿಯೇ ಸೇರಿಸಬೇಕೆಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

– ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕ, ಬೆಟಗೇರಿ, ಗದಗ